ಎರಡು ಮೀನಿನ ತೊಟ್ಟಿಯಲ್ಲಿ ಹನ್ನೆರಡು

ಭಗವಂತನು ಪ್ರತಿ ಜೀವಿಗೂ ಇಂತಿಷ್ಟು ಜಾಗವೆಂದು ಗೊತ್ತುಮಾಡಿಯೇ ಭೂಮಿಗೆ ಕಳಿಸುತ್ತಾನೆ. ದಸರಾ ರಜೆಯಲ್ಲಿ ಶೃಂಗೇರಿಯಲ್ಲಿ ರೂಮು ಹುಡುಕಿದವರು ಯಾರೂ ಈ ಮಾತನ್ನು ಒಪ್ಪುವುದಿಲ್ಲ.

ನನ್ನ ಅಕ್ಕ ಒಪ್ಪುವ ಪ್ರಶ್ನೆಯೇ ಇಲ್ಲ. ಶೃಂಗೇರಿಯಲ್ಲಿ ಅವಳದು ಆರು ಕೋಣೆಗಳ ಸಣ್ಣ ಲಾಡ್ಜ್. ಯಾತ್ರಿಕರು ಹೆಚ್ಚಾದಾಗ ಇಬ್ಬರ ಕೋಣೆಯಲ್ಲಿ ಆರು ಜನ ಮಲಗುತ್ತಾರೆ. ಅದಕ್ಕೆ ಬೇಕಾದ ಹಾಸಿಗೆಗಳು ಮೆಟ್ಟಿಲ ಕೆಳಗೆ ಪೇರಿಸಿಕೊಂಡು ಸಿದ್ಧವಾಗಿರುತ್ತವೆ. ಹಾಗೆ ಮಲಗಿದವರಲ್ಲಿ ಈವರೆಗೆ ಯಾರೂ ಸತ್ತಿಲ್ಲ ಎಂಬುದು ಅವಳ ಆಡಳಿತಶಾಸ್ತ್ರದ ಮೂಲಸೂತ್ರ.

ಭಾವ ತೀರಿಕೊಂಡ ಮೇಲೆ, ಕೌಂಟರಿನ ಪಕ್ಕ ಅವರು ಕೂರುತ್ತಿದ್ದ ಜಾಗ ಖಾಲಿ ಉಳಿಯಿತು. ಅಕ್ಕ ಅಲ್ಲಿ ತಾನೂ ಕೂರಲಿಲ್ಲ, ಬೇರೆಯವರನ್ನೂ ಕೂರಗೊಡಲಿಲ್ಲ. ಒಂದು ವರ್ಷ ಬೀಗದ ಕೈ ಕೊಡುವುದು, ತೆಗೆದುಕೊಳ್ಳುವುದು, ಅಷ್ಟಕ್ಕೆ ಬೇಕಾದಷ್ಟೇ ಮಾತು. ಆಮೇಲೆ ಒಂದು ದಿನ ಕೊಪ್ಪದಲ್ಲಿರುವ ನನಗೆ ಫೋನು ಮಾಡಿ, ಆ ಜಾಗದಲ್ಲಿ ಮೀನಿನ ತೊಟ್ಟಿ ಇಡುವುದೆಂದು ತೀರ್ಮಾನಿಸಿರುವುದಾಗಿ ತಿಳಿಸಿ, ಮಾರನೆಯ ದಿನವೇ ಬಸ್ಸು ಹತ್ತಿ ಬಂದಳು.

ಕೊಪ್ಪದಲ್ಲಿ ಮೀನು, ಗಿಳಿ ಮಾರುವ ಅಂಗಡಿಯವನು ಎರಡಡಿ ಉದ್ದದ ಗಾಜಿನ ತೊಟ್ಟಿ ತೋರಿಸಿದ. ಗೋಲ್ಡ್ ಫಿಶ್ ಆದರೆ ಇದಕ್ಕೆ ಎರಡು ಸಾಕು ಎಂದ. ಈಗ ಕಿರುಬೆರಳಷ್ಟಿದ್ದರೂ ಮುಂದೆ ಅಂಗೈ ಉದ್ದ ಆಗುತ್ತವೆ, ತಿನ್ನುವುದೂ ಹೇಲುವುದೂ ಅದೇ ನೀರಿನಲ್ಲಿ, ಆದ್ದರಿಂದ ಜಾಗ ಬೇಕು ಎಂದು ವಿವರಿಸಿದ. ಅಕ್ಕ ಗಂಭೀರವಾಗಿ ಕೇಳಿಸಿಕೊಂಡಳು.

"ಎರಡೇ ಹಾಕಿದ್ರೆ ಲಾಡ್ಜ್ ಓಡ್ತಾ ಇಲ್ಲ ಅನ್ಕೊಳ್ತಾರೆ ಜನ. ಹನ್ನೆರಡು ಕೊಡಿ."

ಅವನು ನನ್ನ ಮುಖ ನೋಡಿದ. ನಾನು ಪಂಜರದ ಗಿಳಿಗಳನ್ನು ನೋಡಿದೆ. ಆದರೂ ಕರ್ತವ್ಯಲೋಪ ಆಗಬಾರದೆಂದು ಅವನು ಹೇಳಿದ್ದನ್ನೆಲ್ಲ ಬಸ್ ಟಿಕೇಟಿನ ಬೆನ್ನಿಗೆ ಬರೆದುಕೊಂಡೆ. ಆಹಾರ ದಿನಕ್ಕೊಂದು ಚಿಟಿಕೆ. ಗಾಳಿಯ ಪಂಪು ನಿಲ್ಲಿಸಬಾರದು. ವಾರಕ್ಕೊಮ್ಮೆ ಕಾಲುಭಾಗ ನೀರು ಮಾತ್ರ ಬದಲಿಸಬೇಕು, ಪೂರ್ತಿ ಬದಲಿಸಲೇಬಾರದು. ನಲ್ಲಿನೀರಿನಲ್ಲಿ ಬ್ಲೀಚಿಂಗ್ ಇರುತ್ತದೆ, ಒಂದು ದಿನ ಹಿಡಿದಿಟ್ಟು ಔಷಧಿ ಬೆರೆಸಿಯೇ ಹಾಕಬೇಕು. ಅಕ್ಕ ಆ ಟಿಕೇಟನ್ನು ಕೌಂಟರಿನ ಗಾಜಿನಡಿ, ಕೋಣೆ ಖಾಲಿ ಮಾಡುವ ನಿಯಮಗಳ ಪಕ್ಕ, ಮರ್ಯಾದೆಯಿಂದ ಸೇರಿಸಿದಳು. ಅದರ ಮೇಲೆ ಲಾಡ್ಜಿನ ರಿಜಿಸ್ಟರು ಕೂತಿತು.

ಹನ್ನೆರಡರಲ್ಲಿ ಒಂದಕ್ಕೆ ತಲೆಯ ಮೇಲೆ ಕೆಂಪು ಟೋಪಿಯಂಥ ಗಂಟು. ಅಕ್ಕ ಬಂದು ನಿಂತರೆ ಗಾಜಿನ ಹತ್ತಿರ ಮೊದಲು ಬರುತ್ತಿದ್ದದ್ದು ಅದೇ. ಯಾವ ಕೋಣೆಯ ನಲ್ಲಿ ಸೋರುತ್ತಿದೆ, ಯಾರು ಟವೆಲು ಹೊತ್ತುಕೊಂಡು ಹೋದರು, ಎಲ್ಲವನ್ನೂ ಅವಳು ಅದಕ್ಕೆ ವರದಿ ಒಪ್ಪಿಸುತ್ತಿದ್ದಳು. ಒಂದು ವರ್ಷದ ಮಾತೆಲ್ಲ ಹಾಗೆ ಹೊರಗೆ ಬರುತ್ತಿರುವಾಗ ಮೀನಿನ ಸಂಖ್ಯೆಯ ವಿಷಯ ಎತ್ತಲು ನನಗೆ ಬಾಯಿ ಬರಲಿಲ್ಲ.

ಶೃಂಗೇರಿಗೆ ಬಂದವರು ಹೊಳೆಯ ಮೆಟ್ಟಿಲಲ್ಲಿ ನಿಂತು ಮೀನಿಗೆ ಮಂಡಕ್ಕಿ ಹಾಕುತ್ತಾರೆ. ಮಾರುದ್ದದ ಮೀನುಗಳು ಬಾಯಿ ತೆರೆದು ಮೇಲೇಳುತ್ತವೆ. ಬಾಯಿ ತೆರೆದರೆ ಹಸಿವು ಎಂದು ಆ ಊರಿನಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಅಕ್ಕನ ಯಾತ್ರಿಕರು ಹೊಳೆಯಿಂದ ಹಿಂತಿರುಗುವಾಗ ಪೊಟ್ಟಣದಲ್ಲಿ ಒಂದು ಹಿಡಿ ಉಳಿದಿರುತ್ತಿತ್ತು. ಕಸದ ಬುಟ್ಟಿಗೆ ಹಾಕಿದರೆ ಪಾಪ, ಮೀನಿಗೆ ಹಾಕಿದರೆ ಪುಣ್ಯ. ತನ್ನ ಸೂರಿನಡಿ ನಡೆಯುವ ಪುಣ್ಯಕಾರ್ಯವನ್ನು ಅಕ್ಕ ತಡೆಯಲಿಲ್ಲ.

ಎರಡನೇ ತಿಂಗಳಿಗೆ ನೀರು ಅಕ್ಕಿ ತೊಳೆದ ಕಲಗಚ್ಚಿನ ಬಣ್ಣಕ್ಕೆ ತಿರುಗಿತು. ನಾನು ಹೋದ ದಿನ ಹನ್ನೆರಡೂ ಮೇಲೆ ಬಂದು, ನೀರಿನಂಚಿಗೆ ಬಾಯಿ ಹಚ್ಚಿ, ತೆರೆದು ಮುಚ್ಚುತ್ತಿದ್ದವು. ಸದ್ದಿರಲಿಲ್ಲ, ಗುರ್ ಅನ್ನುತ್ತೆ ಎಂದು ಅಕ್ಕ ಪಂಪನ್ನೂ ಮಧ್ಯಾಹ್ನ ಆರಿಸಿದ್ದಳು. ಒಂದು ಯಾತ್ರಿಕ ಕುಟುಂಬ ಕೈಮುಗಿದುಕೊಂಡು ನೋಡುತ್ತ ನಿಂತಿತ್ತು.

"ಅಕ್ಕ, ಅವಕ್ಕೆ ಹಸಿವಲ್ಲ. ಉಸಿರು ಸಿಕ್ತಿಲ್ಲ."

"ಹೊಳೆ ಮೀನು ಬಾಯಿ ತೆಗೆದ್ರೆ ಹಸಿವು, ನನ್ನ ಮೀನು ಬಾಯಿ ತೆಗೆದ್ರೆ ಉಸಿರಾ? ಎಂತಾ ಭೇದ ಮಾರಾಯ ನಿಂದು."

ಅವಕ್ಕೆ ಇಡೀ ತುಂಗೆ ಇದೆ, ಇವಕ್ಕೆ ಎರಡಡಿ ಗಾಜು ಎಂದೆ. ಅವಳು ಪಂಪು ಹಾಕಿದಳು, ಒಂದು ಹಿಡಿ ಮಂಡಕ್ಕಿಯನ್ನೂ ಹಾಕಿದಳು. ಎರಡೂ ಪಕ್ಷಕ್ಕೆ ನ್ಯಾಯ.

ನಾಲ್ಕು ದಿನಕ್ಕೆ ಒಂದು ಸತ್ತಿತು. ಕೆಂಪು ಟೋಪಿಯದಲ್ಲ. ಆದರೂ ಅಕ್ಕನ ದನಿ ಫೋನಿನಲ್ಲಿ ಕುಗ್ಗಿತ್ತು. ಬಾರೋ ಎಂದಷ್ಟೇ ಹೇಳಿದಳು. ನಾನು ಹೋಗುವಷ್ಟರಲ್ಲಿ ಸೆರಗು ಸಿಕ್ಕಿಸಿಕೊಂಡು ನಿಂತಿದ್ದಳು. ಈ ಸಲ ಅವಳು ನನ್ನ ಮಾತನ್ನು ನಂಬಿದ್ದಳು. ನೀರು ಕೆಟ್ಟಿದೆ ಎಂದು ಒಪ್ಪಿಕೊಂಡಳು. ಒಪ್ಪಿಕೊಂಡ ಮೇಲೆ, ಸಾವಾದ ಕೋಣೆಯನ್ನು ಹೇಗೆ ತೊಳೆಯಬೇಕೋ ಹಾಗೇ ತೊಳೆಯಬೇಕಲ್ಲ. ಮೀನುಗಳನ್ನು ಬಕೆಟ್ಟಿಗೆ ಹಾಕಿ, ಹಳೆಯ ನೀರನ್ನು ಕೊನೆಯ ಹನಿಯವರೆಗೆ ಚೆಲ್ಲಿ, ಗಾಜನ್ನೂ ಕಲ್ಲುಗಳನ್ನೂ ಸೋಪಿನಪುಡಿ ಹಾಕಿ ಉಜ್ಜಿದಳು. ನಲ್ಲಿಯಿಂದ ನೀರು ಹಿಡಿದು ತಂದವನು ನಾನು.

ಎರಡನೇ ಬಕೆಟ್ಟು ಹೊತ್ತು ಕೌಂಟರಿನ ಪಕ್ಕ ಹಾದು ಹೋಗುವಾಗ ರಿಜಿಸ್ಟರು ಕಾಣಿಸಿತು. ಅದರಡಿ ಏನಿದೆ ಎಂದು ಗೊತ್ತಿತ್ತು. ನೀರಿನ ಬಗ್ಗೆ ಅಲ್ಲಿ ಏನೋ ಬರೆದಿದ್ದೆ ಎಂಬುದೂ ಮಸುಕಾಗಿ ನೆನಪಿತ್ತು. ಕೈ ಒದ್ದೆಯಾಗಿತ್ತು. ರಿಜಿಸ್ಟರು ನೆನೆದರೆ ಅಕ್ಕ ಬೈಯುತ್ತಾಳೆ ಎಂದುಕೊಂಡು ಮೂರನೆಯ ಬಕೆಟ್ಟಿಗೆ ಹೋದೆ.

ಸಂಜೆ ತೊಟ್ಟಿ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಹನ್ನೊಂದೂ ತಳಕ್ಕಿಳಿದು ಕಲ್ಲಿನ ಮೇಲೆ ಅಲುಗದೆ ನಿಂತಿದ್ದವು. ಒಂದೂ ಮೇಲೆ ಬರಲಿಲ್ಲ, ಒಂದೂ ಬಾಯಿ ತೆರೆಯಲಿಲ್ಲ. ಅಕ್ಕ ಗಾಜಿಗೆ ಬೆರಳು ತಾಗಿಸಿದಳು. ಕೆಂಪು ಟೋಪಿಯದೂ ಬರಲಿಲ್ಲ.

"ನೋಡು," ಎಂದಳು, "ಎಷ್ಟು ಸಮಾಧಾನ ಆಗಿದೆ ಅವಕ್ಕೆ."

ಹೌದು ಎಂದೆ. ಕೊನೆಯ ಬಸ್ಸು ಹಿಡಿದು ಕೊಪ್ಪಕ್ಕೆ ಬಂದೆ.

ಬೆಳಿಗ್ಗೆ ಏಳಕ್ಕೆ ಫೋನು ಬಂತು. ಹನ್ನೊಂದೂ ಸತ್ತಿದ್ದವು. ತೊಟ್ಟಿ ಈಗ ಮೆಟ್ಟಿಲ ಕೆಳಗೆ, ಹಾಸಿಗೆಗಳ ಪಕ್ಕದಲ್ಲಿದೆ.