ಬಾಗಿಲು ಬಡಿಯುವ ಕಿಟ್ಟಣ್ಣ

ತುರ್ಭೆಯ ಒಂದು ಕಾರ್ಖಾನೆಯ ಕ್ಯಾಂಟೀನಿನಲ್ಲಿ ಆಯುಷ್ಯದ ಮುಕ್ಕಾಲು ಪಾಲು ಕಳೆದ ಕಿಟ್ಟಣ್ಣನಿಗೆ ನಿವೃತ್ತಿಯಾದ ಮೇಲೆ ರಾಜಯೋಗ ಕೂಡಿಬಂತು. ರಾಜನಾಗುವ ಯೋಗವಲ್ಲ, ಅಷ್ಟೆಲ್ಲ ಅವನ ಹಣೆಯಲ್ಲಿ ಬರೆದಿರಲಿಲ್ಲ. ರಾಜನ ಮುಂದೆ ಕೋಲು ಹಿಡಿದುಕೊಂಡು ನಡೆಯುವ ಯೋಗ. ಉಡುಪಿ ಕಡೆಯಿಂದ ಬಂದು, ಪ್ಲೇಟು ತೊಳೆಯುವ ಕೆಲಸಕ್ಕೆ ಸೇರಿ, ಮ್ಯಾನೇಜರ್ ಅನ್ನಿಸಿಕೊಂಡು ಹೊರಬಿದ್ದ ಮನುಷ್ಯ. ಅಷ್ಟೂ ವರ್ಷ ಅವನ ಬಾಯಲ್ಲಿದ್ದದ್ದು ಒಂದೇ ಮರಾಠಿ ಮಾತು, "ಹೋ ಸಾಹೇಬ್," ಅಂದರೆ ಹೌದು ಸಾಹೇಬರೇ. ಸಾಹೇಬರು ಸಾಂಬಾರಿಗೆ ಉಪ್ಪು ಕಮ್ಮಿ ಎಂದರೂ ಹೋ ಸಾಹೇಬ್, ಜಾಸ್ತಿ ಎಂದರೂ ಹೋ ಸಾಹೇಬ್. ಹಾಗೆ ಬಗ್ಗಿ ಬಗ್ಗಿ ರೂಢಿಯಾದ ಬೆನ್ನಿಗೆ ಒಂದು ದಿನ ಕಪ್ಪು ಕೋಟು, ಕೈಗೆ ಬಿಳಿ ಗವಸು, ಸಾಲದ್ದಕ್ಕೆ ಒಂದು ಕೋಲು ಸಿಕ್ಕಿದರೆ ಹೇಗಾಗಬೇಡ. ಕಿಟ್ಟಣ್ಣ ಡೊಂಬಿವಲಿಯ ಗಲ್ಲಿಗಳಲ್ಲಿ ಎದೆ ಸೆಟೆಸಿಕೊಂಡು ನಡೆಯತೊಡಗಿದ.

ಇದಕ್ಕೆಲ್ಲ ಕಾರಣ ಜಯಶೀಲಣ್ಣ. ಮಾಜಿವಾಡಾದಲ್ಲಿ ಹೋಟೆಲು, ಡೊಂಬಿವಲಿಯಲ್ಲಿ ಮೂರು ಬೆಡ್‌ರೂಮಿನ ಮನೆ, ಜೊತೆಗೆ ಕಡಲತೀರ ಕನ್ನಡ ಬಳಗದ ಅಧ್ಯಕ್ಷಗಿರಿ. ಮೂರೂ ತಮ್ಮ ಸ್ವಂತ ಆಸ್ತಿ ಎಂದೇ ಅವರು ತಿಳಿದಿದ್ದರು. 2008ರಲ್ಲಿ ಅವರು ಯುರೋಪ್ ಟೂರಿಗೆ ಹೋದರು. ಬಸ್ಸಿನಲ್ಲಿ ಗುಜರಾತಿಗಳ ಜೊತೆ ಥೇಪ್ಲಾ ತಿನ್ನುತ್ತ ಲಂಡನ್ನು ಸುತ್ತಿ, ಪಾರ್ಲಿಮೆಂಟಿನ ಮುಂದೆ ಫೋಟೋ ತೆಗೆಸಿಕೊಂಡು, ಹತ್ತಿರದ ಅಂಗಡಿಯಲ್ಲಿ ಒಂದು ಡಿವಿಡಿ ಕೊಂಡರು. ರಾಣಿ ಬಂದು ಪಾರ್ಲಿಮೆಂಟಿನ ಅಧಿವೇಶನಕ್ಕೆ ಚಾಲನೆ ಕೊಡುವ ವೈಭವದ ಡಿವಿಡಿ. ಮನೆಗೆ ಬಂದು ಅದನ್ನು ನೋಡಿದ್ದೇ ನೋಡಿದ್ದು. ಅವರ ಹೆಂಡತಿ ಜಯಲತಕ್ಕನಿಗೆ ಒಂದು ತಿಂಗಳ ಧಾರಾವಾಹಿ ತಪ್ಪಿಹೋಯಿತು.

"ನಮ್ಮ ಜನರಲ್ ಬಾಡಿ ಮೀಟಿಂಗ್ ಎಂತದ್ದು ಮಾರಾಯ್ರೆ," ಎಂದರು ಜಯಶೀಲಣ್ಣ ಬಳಗದ ಕಮಿಟಿಯ ಮುಂದೆ. "ಬರುವುದು, ಚಾ ಕುಡಿಯುವುದು, ಜಗಳ ಮಾಡುವುದು, ಹೋಗುವುದು. ಒಂದು ಗಾಂಭೀರ್ಯ ಬೇಡವಾ?"

ಮೀಟಿಂಗಿನ ಊಟ ಅವರ ಹೋಟೆಲಿನಿಂದಲೇ ಬರುತ್ತಿದ್ದ ಕಾರಣ ಗಾಂಭೀರ್ಯ ಬೇಡ ಎನ್ನಲು ಯಾರಿಗೂ ಬಾಯಿ ಬರಲಿಲ್ಲ.

ಗಾಂಭೀರ್ಯ ಬಂತು. ರಾಣಿಯ ನಿಲುವಂಗಿಗೆ ಬದಲು ಉಲ್ಲಾಸನಗರದಿಂದ ತಂದ ಕೆಂಪು ವೆಲ್ವೆಟ್ ಬಟ್ಟೆ. ಹಿಂದೆ ನೆಲ ಗುಡಿಸುವಷ್ಟು ಉದ್ದ. ಕಿರೀಟದ ಬದಲು ಮೈಸೂರು ಪೇಟ. ಸಿಂಹಾಸನಕ್ಕೆ ಮಂಗಲ ಕಾರ್ಯಾಲಯದಿಂದ ಮದುಮಕ್ಕಳ ಕುರ್ಚಿ ಬಂತು. ಅದರ ಬೆನ್ನಿಗೆ 'ಶುಭ ವಿವಾಹ' ಎಂದು ಜರಿಯಲ್ಲಿ ಬರೆದಿತ್ತು. ಅಲ್ಲೊಂದು ಟವೆಲು ಹೊದಿಸಿದರು. ಗಣಪತಿ ಮೆರವಣಿಗೆಯ ಬ್ಯಾಂಜೋ ಪಾರ್ಟಿಯವರು ರಾಜವಾದ್ಯ ನುಡಿಸಲು ಒಪ್ಪಿದರು, ಅವರಿಗೆ ಬರುತ್ತಿದ್ದದ್ದು ಆರತಿ ಒಂದೇ.

ಲಂಡನ್ನಿನಲ್ಲಿ ರಾಣಿ ಬರುವ ಮೊದಲು ಕಾವಲುಭಟರು ನೆಲಮಾಳಿಗೆಯಲ್ಲಿ ಮದ್ದುಗುಂಡು ಹುಡುಕುತ್ತಾರಂತೆ. ಬಳಗದ ಹಾಲ್‌ಗೆ ನೆಲಮಾಳಿಗೆ ಎಲ್ಲಿಂದ ಬರಬೇಕು. ಕಿಟ್ಟಣ್ಣ ಟಾರ್ಚ್ ಹಿಡಿದು ಹೌಸಿಂಗ್ ಸೊಸೈಟಿಯ ಪಂಪ್ ರೂಮಿಗೆ ಇಳಿದು, ಒಂದು ಹೆಗ್ಗಣವನ್ನು ಕಂಡು, ಮೇಲೆ ಬಂದು "ಎಲ್ಲ ಸುರಕ್ಷಿತ" ಎಂದು ವರದಿ ಒಪ್ಪಿಸುತ್ತಿದ್ದ. ರಾಣಿ ಕ್ಷೇಮವಾಗಿ ಮರಳುವವರೆಗೆ ಒಬ್ಬ ಸಂಸದನನ್ನು ಅರಮನೆಯಲ್ಲಿ ಒತ್ತೆ ಇಟ್ಟುಕೊಳ್ಳುವ ಪದ್ಧತಿಯೂ ಅಲ್ಲಿ ಉಂಟು. ಇಲ್ಲಿ ಒತ್ತೆಯಾಳನ್ನು ಜಯಶೀಲಣ್ಣನ ಮನೆಯಲ್ಲಿ ಕೂರಿಸುತ್ತಿದ್ದರು. ಜಯಲತಕ್ಕನ ಗೋಳಿಬಜೆಯ ಆಸೆಗೆ ಆ ಹುದ್ದೆಗೆ ವರ್ಷವೂ ಪೈಪೋಟಿ. ದಿವಾ ಸ್ಟೇಷನ್ನಿನಿಂದ ಬರುವ ಲೋಕನಾಥ ಮಾತ್ರ ಹೇಗೋ ಗಿಟ್ಟಿಸಿಕೊಳ್ಳುತ್ತಿದ್ದ. ರಿಪೇರಿಗೆಂದು ಲೋಕಲ್ ರೈಲು ನಿಲ್ಲಿಸುವ ಮೆಗಾಬ್ಲಾಕಿನ ಭಾನುವಾರಗಳಲ್ಲೂ ಅವನೊಬ್ಬ ಎಂದೂ ತಡವಾಗಿ ಬಂದವನಲ್ಲ.

ಎಲ್ಲಕ್ಕಿಂತ ದೊಡ್ಡದು ಬಾಗಿಲಿನ ಶಾಸ್ತ್ರ. ರಾಣಿಯ ದೂತ ಕಪ್ಪು ಕೋಲು ಹಿಡಿದು ಜನಪ್ರತಿನಿಧಿಗಳ ಸಭೆಯ ಹತ್ತಿರ ಬರುವಾಗ, ಒಳಗಿನವರು ಬಾಗಿಲನ್ನು ಅವನ ಮುಖಕ್ಕೇ ದಡಾರನೆ ಮುಚ್ಚುತ್ತಾರೆ. ಅವನು ಕೋಲಿನಿಂದ ಮೂರು ಸಲ ಬಡಿದ ಮೇಲೆ ತೆರೆಯುತ್ತಾರೆ. ಆ ದೂತನೇ ನಮ್ಮ ಕಿಟ್ಟಣ್ಣ. ಕೋಲು ಪ್ಲಂಬರಿನ ಪೈಪು. ಕಪ್ಪು ಬಣ್ಣ ಬಳಿದು, ಸದ್ದು ಬರಲೆಂದು ತುದಿಗೆ ಹಳೆಯ ಮಂಚದ ಹಿತ್ತಾಳೆ ಗುಬುಟು ಸಿಕ್ಕಿಸಿದ್ದರು.

ಒಳಗಿನಿಂದ ಬಾಗಿಲು ಮುಚ್ಚುವುದಕ್ಕೆ ಯಾರೂ ಸಿಗಲಿಲ್ಲ. ಕೋಟಿಲ್ಲ, ಕೋಲಿಲ್ಲ, ಮೆರವಣಿಗೆಯ ಫೋಟೋದಲ್ಲಿ ಮುಖ ಬರುವುದಿಲ್ಲ, ಯಾರಿಗೆ ಬೇಕು ಆ ಕೆಲಸ. ಕೊನೆಗೆ ಅದನ್ನು ಕಿಟ್ಟಣ್ಣನ ಹೆಂಡತಿ ಲೋಲಾಕ್ಷಿಗೆ ಅಂಟಿಸಿದರು. ವರ್ಷಕ್ಕೊಮ್ಮೆ ಹೆಂಡತಿ ಗಂಡನ ಮುಖಕ್ಕೆ ಬಾಗಿಲು ಮುಚ್ಚುವುದು, ಬಳಗದವರು ಚಪ್ಪಾಳೆ ತಟ್ಟುವುದು. ಜಯಶೀಲಣ್ಣ ಪ್ರತಿವರ್ಷ ಮೈಕಿನಲ್ಲಿ ಇದರ ಅರ್ಥ ವಿವರಿಸುತ್ತಿದ್ದರು: "ರಾಜನಾದರೂ ಪ್ರಜೆಗಳನ್ನು ಕೇಳದೆ ಒಳಗೆ ಬರುವ ಹಾಗಿಲ್ಲ. ಬಾಗಿಲು ಪ್ರಜೆಗಳದ್ದು." ಹೀಗೆಂದು, ಯಾರನ್ನೂ ಕೇಳದೆ ಮತ್ತೊಂದು ವರ್ಷಕ್ಕೆ ಅಧ್ಯಕ್ಷರಾಗುತ್ತಿದ್ದರು.

ಲೋಲಾಕ್ಷಿಗೆ ಈ ವೇಷಗಳ ಹುಚ್ಚಿರಲಿಲ್ಲ. ಅವಳಿಗಿದ್ದದ್ದು ಹಾಲ್‌ನ ಪಕ್ಕದ ಚಿಕ್ಕ ಕೋಣೆಯ ಹುಚ್ಚು. ಅಲ್ಲಿ ಪ್ರತಿ ಭಾನುವಾರ ಬೆಳಿಗ್ಗೆ ಮಕ್ಕಳಿಗೆ ಕನ್ನಡ ಕಲಿಸುತ್ತಿದ್ದಳು. ಇಲ್ಲೇ ಹುಟ್ಟಿದ ಮಕ್ಕಳು. ಕನ್ನಡದಲ್ಲಿ ಕೇಳಿದರೆ ಹಿಂದಿಯಲ್ಲಿ ಉತ್ತರ, ಬೈದರೆ ಮರಾಠಿಯಲ್ಲಿ ಕ್ಷಮೆ. ಪ್ರೇಕ್ಷಾ ಎಂಬ ಹುಡುಗಿ "ಟೀಚರ್, ಮೈ ನೀರು ಪೀಕೆ ಆವೂ?" ಎಂದು ಕೇಳಿದ ದಿನ, ಆ ವಾಕ್ಯದಲ್ಲಿ ಒಂದಾದರೂ ಕನ್ನಡದ ಮಾತು ಇತ್ತಲ್ಲ ಎಂದು ಲೋಲಾಕ್ಷಿ ಮನೆಯಲ್ಲಿ ಪಾಯಸ ಮಾಡಿದ್ದಳು. ಗಂಡ ಹೆಂಡತಿಯದ್ದು ಒಂದು ಕೋಣೆ, ಒಂದು ಅಡುಗೆಮನೆಯ ಬಿಡಾರ. ನಾಲ್ಕು ಮಕ್ಕಳು ಬಂದರೆ ಐದನೆಯದು ಗ್ಯಾಸ್ ಸ್ಟವ್ ಮೇಲೆ ಕೂರಬೇಕು. ಬಳಗದ ಆ ಕೋಣೆ ಹೋದರೆ ಕ್ಲಾಸೂ ಹೋದ ಹಾಗೆ.

2014ರ ಅಕ್ಟೋಬರಿನಲ್ಲಿ, ಮೀಟಿಂಗಿನ ಹಿಂದಿನ ದಿನ, ಜಯಶೀಲಣ್ಣ ಕಿಟ್ಟಣ್ಣನನ್ನು ಎದುರಿಗೆ ಕೂರಿಸಿಕೊಂಡು ಭಾಷಣದ ತಾಲೀಮು ಮಾಡಿದರು. ಲಂಡನ್ನಿನ ರಾಣಿ ಸರಕಾರ ಬರೆದುಕೊಟ್ಟದ್ದನ್ನು ಓದುತ್ತಾಳೆ. ಇವರೂ ಕಾರ್ಯದರ್ಶಿ ಯೋಗೀಶ್ ಬರೆದುಕೊಟ್ಟದ್ದನ್ನು ಓದುತ್ತಿದ್ದರು. ಅದರಲ್ಲಿ ಹೀಗೊಂದು ಮಾತು ಬಂತು: "ಪಕ್ಕದ ಕೋಣೆಯನ್ನು ಆಳೆತ್ತರದ ಕನ್ನಡಿ ಮತ್ತು ಏಸಿ ಸಹಿತ ಅಧ್ಯಕ್ಷರ ವಸ್ತ್ರಧಾರಣಾ ಮಂದಿರವಾಗಿ ಪರಿವರ್ತಿಸಲಾಗುವುದು."

ಕಿಟ್ಟಣ್ಣ ಕೂತಲ್ಲೇ ಮುಂದೆ ಬಾಗಿದ. "ಅಲ್ಲಿ ಮಕ್ಕಳು..." ಎಂದ.

"ಮಕ್ಕಳಿಗೆ ಎಲ್ಲಿಯಾದರೂ ಆಗ್ತದೆ ಕಿಟ್ಟಣ್ಣ. ರಾಣಿಗೆ ಬಟ್ಟೆ ತೊಡಲಿಕ್ಕೇ ಪ್ರತ್ಯೇಕ ಹಾಲ್ ಉಂಟು, ಗೊತ್ತುಂಟಾ? ನಾನು ಈಗ ಎಲ್ಲಿ ಪೇಟ ಕಟ್ಟಿಕೊಳ್ಳುವುದು? ಬಾತ್‌ರೂಮಿನ ಹತ್ತಿರ."

ಕಿಟ್ಟಣ್ಣನ ಬಾಯಿಂದ ಹಳೆಯ ಅಭ್ಯಾಸದಂತೆ "ಹೋ" ಎಂದು ಹೊರಟಿತು. ಆಡಿದ ಮೇಲೆ ತನ್ನ ಬಗ್ಗೆಯೇ ಹೇಸಿಗೆಯಾಯಿತು. ಆದರೂ ಅಷ್ಟಕ್ಕೇ ಎದ್ದು ಬಂದ.

ಮನೆಯಲ್ಲಿ ಲೋಲಾಕ್ಷಿ ಬಸಳೆ ಸೋಸುತ್ತಿದ್ದಳು. ಅವನು ಚಪ್ಪಲಿ ಬಿಡುವ ಮೊದಲೇ ಎಲ್ಲ ಹೇಳಿದ. ಹೇಳದೆ ಇರುವುದಕ್ಕೆ ಧೈರ್ಯ ಸಾಲದು, ಹೇಳಿ ಏನಾದರೂ ಮಾಡುವುದಕ್ಕೂ ಧೈರ್ಯ ಸಾಲದು, ಅಂಥ ಪ್ರಾಣಿ. ಲೋಲಾಕ್ಷಿ ಕೈ ನಿಲ್ಲಿಸಲಿಲ್ಲ.

"ನೀವು ಎಂತ ಹೇಳಿದ್ರಿ?"

"ನಾನೆಂತ ಹೇಳುವುದು. ಕೋಟು ಕೊಟ್ಟವರಲ್ಲವಾ ಅವರು."

"ಕೋಟು ಹೊಲಿದವಳು ನಾನು," ಎಂದಳು ಲೋಲಾಕ್ಷಿ. ಇನ್ನೊಂದು ಕಟ್ಟು ಬಸಳೆ ಎತ್ತಿಕೊಂಡು ಕೇಳಿದಳು, "ಆ ಬಾಗಿಲು ಮುಚ್ಚುವುದು ಎಂತಕ್ಕೆ ಅಂತ ಜಯಶೀಲಣ್ಣ ಹೇಳ್ತಾರಲ್ಲ, ಎಂತ ಅದು?"

ಕಿಟ್ಟಣ್ಣನಿಗೆ ಅದು ಬಾಯಿಪಾಠ. ಗಂಟಲು ಸರಿಪಡಿಸಿಕೊಂಡು, ಮೈಕಿನ ಧ್ವನಿಯಲ್ಲೇ ಒಪ್ಪಿಸಿದ: ರಾಜನಾದರೂ ಪ್ರಜೆಗಳನ್ನು ಕೇಳದೆ ಒಳಗೆ ಬರುವ ಹಾಗಿಲ್ಲ, ಬಾಗಿಲು ಪ್ರಜೆಗಳದ್ದು.

"ಆಯ್ತು," ಎಂದಳು ಲೋಲಾಕ್ಷಿ.

ಮರುದಿನ ಸೆಕೆಯೋ ಸೆಕೆ. ಗೇಟಿನ ಹೊರಗೆ ವೆಲ್ವೆಟಿನೊಳಗೆ ಜಯಶೀಲಣ್ಣ ಬೇಯುತ್ತಿದ್ದರು. ಪೇಟದ ಅಂಚಿನಿಂದ ಬೆವರು ಮೂಗಿಗೆ ಇಳಿಯುತ್ತಿತ್ತು. ಬ್ಯಾಂಜೋದವರು ಆರತಿ ಶುರುಮಾಡಿದರು. ಕಿಟ್ಟಣ್ಣ ಕೋಲು ಹಿಡಿದು ಮುಂದೆ ನಡೆದ. ಬಾಗಿಲು ದಡಾರನೆ ಮುಚ್ಚಿತು. ಒಳಗೆ ಚಪ್ಪಾಳೆ ಬಿತ್ತು. ಅವನು ಮೂರು ಸಲ ಬಡಿದು, ಎಂದಿನಂತೆ ಒಂದು ಹೆಜ್ಜೆ ಹಿಂದೆ ಸರಿದು ನಿಂತ.

ಬಾಗಿಲು ತೆರೆಯಲಿಲ್ಲ.

ಮತ್ತೆ ಬಡಿದ. ಒಳಗಿನಿಂದ ಬೋಲ್ಟು ಎಳೆದ ಸದ್ದು ಕೇಳಿತು, ತೆಗೆದದ್ದಲ್ಲ, ಹಾಕಿದ್ದು. ಆಮೇಲೆ ಲೋಲಾಕ್ಷಿಯ ಧ್ವನಿ ಬಂತು. ಮಕ್ಕಳಿಗೆ ಕಾಗುಣಿತ ಹೇಳಿಕೊಡುವ ಅದೇ ನಿಧಾನದ ಧ್ವನಿ.

"ಜಯಶೀಲಣ್ಣ, ಕೋಣೆಯ ಮಾತನ್ನು ಭಾಷಣದಿಂದ ತೆಗೆಯಿರಿ. ತೆಗೆದರೆ ಬಾಗಿಲು ತೆಗೀತೇನೆ."

ಮೆರವಣಿಗೆ ಬಾಗಿಲವರೆಗೆ ಓಡಿಬಂತು. ಜಯಶೀಲಣ್ಣನ ನಿಲುವಂಗಿ ತುಳಸಿ ಕುಂಡಕ್ಕೆ ಸಿಕ್ಕಿ ಕುಂಡ ಉರುಳಿತು. "ಎಂತ ಇದು, ತಮಾಷೆಯಾ?" ಎಂದರು.

"ಬಾಗಿಲು ಪ್ರಜೆಗಳದ್ದು ಅಂತ ನೀವೇ ಹೇಳಿದ್ದಲ್ಲವಾ. ಪ್ರಜೆಗಳನ್ನು ಕೇಳಿದೆ. ಇವರಿಗೆ ಯಾರಿಗೂ ಕೋಣೆಯ ವಿಷಯ ಗೊತ್ತೇ ಇಲ್ಲ."

"ಅಯ್ಯೊ, ಭಾಷಣ ನಾನು ಬರೆದದ್ದಲ್ಲ ಲೋಲಾಕ್ಷಿ. ಯೋಗೀಶ್ ಬರೆದದ್ದು. ನಾನು ಬರೀ ಓದುವವ."

ಒಳಗಿನಿಂದ ಯೋಗೀಶನ ಧ್ವನಿ ಕೇಳಿತು: "ನಾನು ಬರೀ ಬರೆಯುವವ. ತೀರ್ಮಾನ ಅಧ್ಯಕ್ಷರದ್ದು."

"ಹಾಗಾದರೆ ಬರೆದವರು ಒಳಗಿದ್ದಾರೆ, ಓದುವವರು ಹೊರಗಿದ್ದಾರೆ," ಎಂದಳು ಲೋಲಾಕ್ಷಿ. "ಸಂದಿಯಲ್ಲೇ ಮಾತಾಡಿಕೊಳ್ಳಿ. ನಮಗೆ ಅವಸರ ಇಲ್ಲ. ಊಟ ಒಳಗೇ ಉಂಟು."

ಒಳಗೆ ಯಾರೋ ನಕ್ಕರು. ಆಮೇಲೆ ಎಲ್ಲರೂ ನಕ್ಕರು. ಅಷ್ಟು ವರ್ಷ ಎದ್ದು ನಿಂತು ಕೈಮುಗಿದ ಜನ ಅದೇ ಮೊದಲ ಸಲ ಜೋರಾಗಿ ನಕ್ಕದ್ದು. ಜಯಶೀಲಣ್ಣನ ಮುಖ ವೆಲ್ವೆಟಿನ ಬಣ್ಣಕ್ಕೆ ತಿರುಗಿತು. ಒತ್ತೆಯಾಳು ತಮ್ಮ ಕೈಯಲ್ಲಿದ್ದಾನೆ ಎಂದು ನೆನಪಾಗಿ ಮನೆಗೆ ಫೋನ್ ಹಚ್ಚಿದರು. ಲೋಕನಾಥ ಗೋಳಿಬಜೆ ಮುಗಿಸಿ ಸೋಫಾದ ಮೇಲೆ ಗೊರಕೆ ಹೊಡೆಯುತ್ತಿದ್ದಾನೆ, ಎಬ್ಬಿಸಬೇಕಾ ಎಂದು ಜಯಲತಕ್ಕ ಕೇಳಿದರು.

ಆಗ ಜಯಶೀಲಣ್ಣನಿಗೆ ಇನ್ನೊಂದು ನೆನಪಾಯಿತು. "ಕಿಟ್ಟಣ್ಣ, ಹಿಂದುಗಡೆ ಅಡುಗೆಮನೆಯ ಬಾಗಿಲಿನ ಕೀಲಿ ನಿಮ್ಮ ಹತ್ತಿರ ಉಂಟಲ್ಲ?"

ಉಂಟು. ಹಾಲ್‌ನ ಕೀಲಿಗೊಂಚಲು ಕೋಟಿನ ಕಿಸೆಯಲ್ಲೇ ಇತ್ತು, ನಡೆದರೆ ಗಿಲಗಿಲ ಅನ್ನುತ್ತಿತ್ತು. ಸುಳ್ಳು ಹೇಳಲು ಬರುವಂತಿರಲಿಲ್ಲ. ಕಿಟ್ಟಣ್ಣನ ಕೈ ತಾನಾಗಿ ಕಿಸೆಗೆ ಹೋಯಿತು. ಬಾಯಿ ಹೋ ಎನ್ನಲು ತೆರೆಯಿತು. ಕೀಲಿ ಕೊಟ್ಟರೆ ಕೋಟು, ಕೋಲು, ಮಾನ ಮರ್ಯಾದೆ ಎಲ್ಲ ಉಳಿಯುತ್ತದೆ. ಕೊಡದಿದ್ದರೆ ನಾಳೆಯಿಂದ ಮತ್ತೆ ಬರೀ ಕ್ಯಾಂಟೀನಿನ ಕಿಟ್ಟಣ್ಣ. ಬಾಗಿಲಿನ ಆಚೆ, ಒಂದು ಹಲಗೆಯಷ್ಟು ದೂರದಲ್ಲಿ, ಲೋಲಾಕ್ಷಿ ನಿಂತಿದ್ದಳು. ಅವಳು ಕೇಳಿಸಿಕೊಳ್ಳುತ್ತಿದ್ದಾಳೆ ಎಂದು ಅವನಿಗೆ ಗೊತ್ತಿತ್ತು.

"ಉಂಟು," ಎಂದ ಕಿಟ್ಟಣ್ಣ.

"ಕೊಡಿ."

"ಆಗುವುದಿಲ್ಲ ಜಯಶೀಲಣ್ಣ." ಅವನು ಕೋಲನ್ನು ನೆಲಕ್ಕೆ ಊರಿ ನಿಂತ. "ರಾಜರು ಅಡುಗೆಮನೆಯಿಂದ ಬರುವ ಪದ್ಧತಿ ಇಲ್ಲ. ಡಿವಿಡಿಯಲ್ಲಿ ನಾನೂ ನೋಡಿದ್ದೇನೆ."

ಜಯಶೀಲಣ್ಣ ಸರ್ರನೆ ತಿರುಗಿ ಗೇಟಿನ ಹೊರಗೆ ಹೋಗಿ ರಿಕ್ಷಾ ಹತ್ತಿದರು. ನಿಲುವಂಗಿಯ ಬಾಲ ರಿಕ್ಷಾದ ಹೊರಗೇ ಉಳಿಯಿತು. ಬ್ಯಾಂಜೋದವರಿಗೆ ನಿಲ್ಲಿಸಿ ಎಂದು ಯಾರೂ ಹೇಳಿರಲಿಲ್ಲ. ಅವರು ಆರತಿ ನುಡಿಸುತ್ತ ರಿಕ್ಷಾದ ಹಿಂದೆ ಸ್ಟೇಷನ್ ರಸ್ತೆಯ ತಿರುವಿನವರೆಗೂ ಹೋದರು.

ಬೋಲ್ಟು ಜಾರಿತು. ಲೋಲಾಕ್ಷಿ ಬಾಗಿಲು ತೆರೆದು ಗಂಡನ ಮುಖವನ್ನೇ ನೋಡಿದಳು. "ಬನ್ನಿ, ಊಟ ಆರಿಹೋಗ್ತದೆ," ಎಂದಳು. ಆ ಮಾತಿನಲ್ಲಿ ಎಷ್ಟು ಪ್ರೀತಿಯಿತ್ತೆಂದು ಕಿಟ್ಟಣ್ಣನಿಗೆ ಮಾತ್ರ ತಿಳಿಯಿತು. ಅವನಿಗೆ ಅಲ್ಲೇ ಅಳು ಬಂತು, ಕೈಗವಸಿನಲ್ಲಿ ಒರೆಸಿಕೊಂಡ.

ಆವತ್ತು ಕೈಯೆತ್ತಿ ಕೋಣೆ ಮಕ್ಕಳಿಗೇ ಎಂದು ತೀರ್ಮಾನಿಸಿದರು. ಹೊಸ ಅಧ್ಯಕ್ಷ ಯಾರು ಎಂಬ ಪ್ರಶ್ನೆ ಬಂದಾಗ ಮೈಕಿನ ಹತ್ತಿರ ಕೂತಿದ್ದವನು ಯೋಗೀಶ್. ಸರ್ವಾಧಿಕಾರದ ಕಾಲ ಮುಗಿಯಿತು ಎಂದು ಅವನು ಎಲ್ಲರಿಗಿಂತ ಗಟ್ಟಿಯಾಗಿ ಕೂಗಿದ, ಜನ ಅವನನ್ನೇ ಆರಿಸಿದರು. ವೆಲ್ವೆಟ್ ಬಟ್ಟೆಯನ್ನು ಯಾರೋ ಜಯಶೀಲಣ್ಣನ ಮನೆಯಿಂದ ತಂದು ಕಪಾಟಿಗೆ ತುರುಕಿದರು.

ಮುಂದಿನ ಅಕ್ಟೋಬರ್ ಹತ್ತಿರ ಬಂತು. ಒಂದು ಸಂಜೆ ಯೋಗೀಶ್ ಹಾಲ್‌ಗೆ ಬಂದು, ಅತ್ತಿತ್ತ ನೋಡಿ, ದನಿ ತಗ್ಗಿಸಿದ.

"ಕಿಟ್ಟಣ್ಣ, ಆ ನಿಲುವಂಗಿ ಬಿಸಾಡಲಿಲ್ಲ ತಾನೆ? ನನಗೆ ಬೇಡ, ಜನ ಕೇಳ್ತಾರೆ. ಒಂದು ಗಾಂಭೀರ್ಯ ಇರ್ತದೆ. ಲೋಲಾಕ್ಷಿಯಕ್ಕ ಉದ್ದ ಸ್ವಲ್ಪ ಕಮ್ಮಿ ಮಾಡಿಕೊಟ್ಟರೆ ಆಯ್ತು." ಹೊರಡುವಾಗ ಪಕ್ಕದ ಕೋಣೆಗೆ ಇಣುಕಿ, "ಇಲ್ಲಿ ಗಾಳಿ ಬೆಳಕು ಚೆನ್ನಾಗುಂಟಲ್ಲ," ಎಂದ.

ಕಿಟ್ಟಣ್ಣ ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಎಲ್ಲ ಹೇಳಿದ. ಕೋಲಿನ ಆಸೆ ಅವನಿಗೆ ಇನ್ನೂ ಹೋಗಿರಲಿಲ್ಲ, ಅದನ್ನೂ ಹೇಳಿದ. ಲೋಲಾಕ್ಷಿ ಬೈಯಲಿಲ್ಲ.

"ಹೊಲಿದು ಕೊಡ್ತೇನೆ ಅಂತ ಹೇಳಿ. ಕೋಲು ನೀವೇ ಹಿಡಿಯಿರಿ," ಎಂದಳು.

ಆಮೇಲೆ ಅಡುಗೆಮನೆಗೆ ಹೋಗಿ, ತೆಂಗಿನೆಣ್ಣೆಯ ಬಾಟಲಿಯನ್ನೂ ಒಂದು ಹಳೆಯ ಬಟ್ಟೆಯ ತುಂಡನ್ನೂ ಚೀಲಕ್ಕೆ ಹಾಕಿಕೊಂಡು ಬಂದಳು.

"ಹಾಲ್‌ನ ಕೀಲಿ ಕೊಡಿ. ಹೋದ ಸಲ ಆ ಬೋಲ್ಟು ಸ್ವಲ್ಪ ಹಿಡೀತಿತ್ತು."