ಮಾಸ್ತರನ ಪುಸ್ತಕದ ನಲವತ್ತೊಂದನೇ ಪುಟ

ಮಸಾಕಾ ಸೀಮೆಯ ಒಂದು ಗುಡ್ಡದ ಇಳಿಜಾರಿನಲ್ಲಿ ಮುಕಲಾಜಿ ಎಂಬ ತೊಗಟೆಬಟ್ಟೆ ಬಡಿಯುವವನಿದ್ದ. ಮುತುಬಾ ಮರದ ತೊಗಟೆಯನ್ನು ಹರಿಯದ ಹಾಗೆ ಸುಲಿಯುವುದು, ಬೆತ್ತಲಾದ ಬೊಡ್ಡೆಗೆ ಬಾಳೆಲೆ ಸುತ್ತಿ ನೆರಳು ಮಾಡುವುದು, ಸುಲಿದದ್ದನ್ನು ಕೊಡತಿಯಿಂದ ಬಡಿದೂ ಬಡಿದೂ ಕಂಬಳಿಯಗಲ ಮಾಡುವುದು, ಇದೇ ಅವನ ಕಸುಬು. ಅವನಪ್ಪನೂ ಇದನ್ನೇ ಮಾಡುತ್ತ ಸತ್ತವನು. ಅವರದು ಅಣಬೆ ಬೆಡಗು, ಅಂದರೆ ಅಣಬೆಯ ಹೆಸರು ಹೊತ್ತ ಕುಲ. ನಮ್ಮಲ್ಲಿ ಯಾವ ಬೆಡಗಿನವರೂ ತಮ್ಮ ಬೆಡಗಿನ ವಸ್ತುವನ್ನು ಬಾಯಿಗಿಡುವುದಿಲ್ಲ. ಮದುವೆಮನೆಯಲ್ಲಿ ಪಕ್ಕದವನ ಎಲೆಗೆ ಅಣಬೆ ಬಿದ್ದರೂ ಸಾಕು, ಆ ಮುದುಕ ಚಾಪೆ ಸುತ್ತಿಕೊಂಡು ಎದ್ದು ಹೊರಡುತ್ತಿದ್ದ.

ಸರಕಾರ ಕಿತ್ತುಹಾಕಿದ್ದ ನಮ್ಮ ಅರಸೊತ್ತಿಗೆ ಮರಳಿ ಬಂದ ವರ್ಷ ಊರೂರಿಗೂ ಪೂರ್ವಜರ ಹುಚ್ಚು ಹತ್ತಿತು. ಎರಿಫಾಜಿ ಮಾಸ್ತರನಿಗಂತೂ ತಲೆಗೇ ಏರಿತು. ಮುತ್ತಜ್ಜನ ಹೆಸರು ಕೇಳಿದರೆ ತಡವರಿಸುತ್ತಿದ್ದ ಈ ಪುಣ್ಯಾತ್ಮ, ಹೆಂಡದಂಗಡಿಯ ಜಗುಲಿ ಬಿಟ್ಟು ಕದಲದೆ ತನ್ನ ಬೆಡಗಿನ ಹನ್ನೊಂದು ತಲೆಮಾರಿನ ಚರಿತ್ರೆ ಬರೆದು ಅಚ್ಚು ಹಾಕಿಸಿದ. ಎಂಟನೇ ತಲೆಮಾರಿನ ಹಿರಿಯನ ಸಮಾಧಿ ಎಲ್ಲಿದೆಯಪ್ಪಾ ಎಂದರೆ, ವಿಧವೆ ನಾಲೊಂಗೊಳ ಬಾಳೆತೋಟದಲ್ಲಿ! ಅವಳಿ ಮಕ್ಕಳನ್ನು ಹೆತ್ತವಳಾದ್ದರಿಂದ ಅವಳಿಗೆ ಆ ಹೆಸರು. ಹಿರಿಯನ ಸಮಾಧಿ ಇದ್ದ ನೆಲ ಬೆಡಗಿನದು ಎಂಬುದು ನಮ್ಮ ಕಟ್ಟಳೆ. ಪುಸ್ತಕ ನಿಜವಾದರೆ ನಾಲೊಂಗೊಳಿಗೆ ತೋಟವಿಲ್ಲ, ಬೆಡಗಿನ ಹೆಸರಿನಲ್ಲಿ ಅದನ್ನು ನೋಡಿಕೊಳ್ಳುವವನು ಮಾಸ್ತರ.

ಒಂದು ಬೆಳಿಗ್ಗೆ ಮಾಸ್ತರ ಟೈ ಕಟ್ಟಿಕೊಂಡು ಮುಕಲಾಜಿಯ ಚಪ್ಪರಕ್ಕೆ ಬಂದ.

"ಏನಪ್ಪಾ, ನಿಮ್ಮಪ್ಪನ್ನ ನನ್ನ ಪುಸ್ತಕದಲ್ಲಿ ಅಮರ ಮಾಡಿದೀನಿ."

"ಅವರು ಸತ್ತೋಗಿದಾರಲ್ಲ ಮಾಸ್ತರೇ. ಈಗ್ಯಾಕೆ ಆ ತೊಂದ್ರೆ?"

"ನಾಲೊಂಗೊ ತೋಟದ ಮುತುಬಾ ಮರ ನಮ್ಮ ಹಿರಿಯನ ಸಮಾಧಿ ಮೇಲೆ ನೆಟ್ಟಿದ್ದು ಅಂತ ಅವರೇ ನಂಗೆ ಹೇಳಿದ್ರು."

"ಅದನ್ನ ನೆಟ್ಟೋನು ನಾನು! ಅವಳಿ ಮಕ್ಕಳು ಹುಟ್ಟಿದ ವರ್ಷ, ಬೇಲಿಗೆ ಅಂತ ಕೊಂಬೆ ಕಡಿದು ಊರಿದ್ದು. ಅಪ್ಪ ನಿಮಗೆ ಯಾವಾಗ ಸಿಕ್ಕಿದ್ರು?"

"ಚರಿತ್ರೆ ನಿಂಗೆ ಅರ್ಥ ಆಗಲ್ಲ, ಬಿಡು. ನಮ್ಮ ಬೆಡಗಿನ ಹಬ್ಬಕ್ಕೆ ನೂರು ತೊಗಟೆಬಟ್ಟೆ ಬೇಕು. ನೀನು ಸುಮ್ನಿದ್ರೆ ಎಲ್ಲಾ ನಿನ್ನ ಕೈಯಿಂದ್ಲೇ."

ನೂರು ಬಟ್ಟೆ ಎಂದರೆ ಎರಡು ವರ್ಷದ ಕೆಲಸ. ಮುಕಲಾಜಿ ಕೊಡತಿಯನ್ನು ತಿರುಗಿಸಿ ತಿರುಗಿಸಿ ನೋಡಿದ. ಒಪ್ಪಿದ ಅಂದುಕೊಂಡು ಮಾಸ್ತರ ಹೋದ.

ಪಂಚಾಯಿತಿ ಅದೇ ಮರದ ಕೆಳಗೆ ಕೂತಿತು. ನಾಲೊಂಗೊ ಮಂಡಿಯೂರಿ, ತೀರ್ಪು ಹೇಳಲು ಬಂದ ಮಾಸ್ತರನ ಬೆಡಗಿನ ಯಜಮಾನನಿಗೆ ನಮಸ್ಕರಿಸಿ, ಹಾಗೇ ಕೂತುಬಿಟ್ಟಳು. ಅವಳ ಕೈ ನೆಲದ ಮಣ್ಣನ್ನು ಸವರುತ್ತಿತ್ತು. ಮುಕಲಾಜಿಗೆ ಅದನ್ನು ನೋಡಿ ತಡೆಯಲಾಗಲಿಲ್ಲ.

"ಹಿರಿಯರೇ, ಈ ಮರ ನೆಟ್ಟೋನು ನಾನು. ಇಲ್ಲಿ ಸಮಾಧಿ ಇಲ್ಲ, ಏನೂ ಇಲ್ಲ."

ಮಾಸ್ತರ ನಕ್ಕ. "ತೊಗಟೆ ಬಡಿಯೋನ ಬಾಯಿಮಾತು ಕೇಳ್ತೀರೋ, ಅಚ್ಚಾದ ಪುಸ್ತಕ ನೋಡ್ತೀರೋ?"

ಜನ ಪುಸ್ತಕದ ಕಡೆ ತಲೆಯಾಡಿಸಿದರು. ಅಕ್ಷರ ಕಂಡರೆ ಬೆನ್ನು ಬಾಗಿಸುವ ಜನ ಎಲ್ಲ ಊರಲ್ಲೂ ಇದ್ದಾರೆ. ಮಾಸ್ತರ ಕನ್ನಡಕ ಏರಿಸಿ, ನಲವತ್ತೊಂದನೇ ಪುಟ ತೆಗೆದು, ಪ್ರವಚನದ ಧಾಟಿಯಲ್ಲಿ ಓದಿದ: "ಮುಕಲಾಜಿಯ ವೃದ್ಧ ತಂದೆ ನನ್ನನ್ನು ತಮ್ಮ ಚಾಪೆಯ ಮೇಲೆ ಕೂರಿಸಿಕೊಂಡು, ಕಡಲೆಕಾಯಿ ಗೊಜ್ಜಿನಲ್ಲಿ ಬೆಂದ ಅಣಬೆಯನ್ನು ತಾವೂ ಸವಿಯುತ್ತ, ನನಗೂ ಬಡಿಸುತ್ತ..."

"ನಿಲ್ಸು," ಎಂದ ಯಜಮಾನ. "ಏನು ಸವಿಯುತ್ತ?"

"ಅಣಬೆ."

"ಮುಕಲಾಜಿ, ನಿಮ್ಮ ಬೆಡಗು ಯಾವ್ದಪ್ಪಾ?"

"ಅಣಬೆ, ಹಿರಿಯರೇ."

ಶುರುವಾಯಿತು ನೋಡಿ ನಗು! ನಮ್ಮಲ್ಲಿ ಹಲ್ಲು ಬರದ ಕೂಸೂ ಹೆಸರು ಕೇಳಿದ ಮೇಲೆ ಬೆಡಗು ಕೇಳುತ್ತದೆ. ಈ ಮಹಾಶಯ ಒಂದೇ ಚಾಪೆಯಲ್ಲಿ ಕೂತು ಉಂಡನಂತೆ, ಬೆಡಗು ಕೇಳಲಿಲ್ಲವಂತೆ.

"ಅದು... ಅದು ಅಚ್ಚಿನವನ ತಪ್ಪು," ಎಂದ ಮಾಸ್ತರ.

"ಅಚ್ಚಿನವನು ಅಡುಗೆನೂ ಮಾಡ್ತಾನೇನೋ?" ಎಂದ ಯಜಮಾನ.

ಹಿಂದಿನಿಂದ ಒಬ್ಬ ಹೆಂಗಸು ಕೂಗಿದಳು: "ಮಾಸ್ತರೇ, ಉಪ್ಪು ಸರಿ ಇತ್ತಾ?"

ಯಜಮಾನ ಪುಸ್ತಕವನ್ನು ಕಿತ್ತುಕೊಂಡು ಅದರ ಮೇಲೇ ಕೂತ. "ಆ ಊಟ ನಡೀಲಿಲ್ಲ ಅಂದ್ಮೇಲೆ ಊಟದ ಹೊತ್ತಲ್ಲಿ ಆಡಿದ ಮಾತು ಎಲ್ಲಿಂದ ಬಂತು? ಸಮಾಧಿ ಇಲ್ಲ. ಏಳು ನಾಲೊಂಗೊ, ಹೋಗಿ ನಿನ್ನ ಬಾಳೆ ನೋಡ್ಕೋ."

ನೂರು ಬಟ್ಟೆಯ ಕೆಲಸ ಬೇರೆಯವನ ಪಾಲಾಯಿತು. ಆ ಮಳೆಗಾಲ ನಾಲೊಂಗೊ ತಾನಾಗಿ ಮುಕಲಾಜಿಯನ್ನು ಕರೆದು, ಬೇಲಿಯ ಮುತುಬಾ ಮರವನ್ನು ಸುಲಿಯಲು ಕೊಟ್ಟಳು.

ವರ್ಷದೊಳಗೆ ಪುಸ್ತಕದ ಎರಡನೇ ಮುದ್ರಣವೂ ಬಂತು. ನಾಚಿಕೆ ಇದ್ದವರಿಗಲ್ಲವೇ ಸಾಕು ಅನ್ನಿಸುವುದು! ಸಮಾಧಿ ಕಾಲು ಬಂದ ಹಾಗೆ ಎದ್ದು ಆಚೆ ಗುಡ್ಡದ ಇನ್ನೊಬ್ಬಳ ತೋಟಕ್ಕೆ ನಡೆದುಹೋಗಿತ್ತು. ಮುಕಲಾಜಿಯ ಅಪ್ಪ ಮಾತ್ರ ನಲವತ್ತೊಂದನೇ ಪುಟದಲ್ಲಿ ಅದೇ ಚಾಪೆಯ ಮೇಲೆ ಕೂತು, ಈ ಸಲ ಹುರುಳಿಕಾಯಿ ತಿನ್ನುತ್ತಿದ್ದ.

"ನೋಡಕ್ಕಾ, ಅಪ್ಪಂಗೆ ಪಲ್ಯ ಬದಲಾಯ್ತು," ಎಂದ ಮುಕಲಾಜಿ, ಚಪ್ಪರಕ್ಕೆ ಬಂದಿದ್ದ ನಾಲೊಂಗೊಳಿಗೆ. ಕೊಡತಿ ಕೆಳಗಿಟ್ಟು, ಪುಸ್ತಕ ಮಡಚಿಕೊಂಡು, ಆ ಇನ್ನೊಬ್ಬಳ ಮನೆ ಎಲ್ಲಿ ಎಂದು ನಾಲೊಂಗೊಳನ್ನು ಕೇಳಿ ಗುಡ್ಡ ಹತ್ತಿದ.