ಮೊದಲು ನಂಬರು, ಆಮೇಲೆ ಹೆಸರು

ಇವತ್ತು ಇಲ್ಲಿ ಅಮೆರಿಕದ ಸ್ಟಾಫರ್ಡಿನ ದಿನಸಿ ಅಂಗಡಿಯ ಮುಂದೆ ಒಂದು ಸಣ್ಣ ಜಗಳ ಆಯಿತು ಕಣ್ರೋ. ನೇಪಾಳದ ಥಾಪಾ ಅಂಕಲ್ ಬ್ರಿಟಿಷ್ ಸೈನ್ಯದಲ್ಲಿ ಗೂರ್ಖಾ ಸೈನಿಕರಾಗಿದ್ದು ನಿವೃತ್ತರಾದವರು, ಈಗ ಮಗಳ ಜೊತೆ ಇಲ್ಲಿದ್ದಾರೆ. ತಮ್ಮ ಹಳೆಯ ಜೊತೆಗಾರರಿಗೆ ಬ್ರಿಟನ್ನಿನಲ್ಲಿ ನೆಲೆಸುವ ಹಕ್ಕು ಕೊಡಿ ಎಂಬ ಮನವಿಗೆ ಸಹಿ ಕೇಳುತ್ತಿದ್ದರು.

ನನ್ನ ಜೊತೆಗಿದ್ದ ಸಹೋದ್ಯೋಗಿ ಸತೀಶ ಹಿಂದೆ ಸರಿದ. "ಬೇಡ ಕಣೇ, ನಮ್ಮ ಗ್ರೀನ್ ಕಾರ್ಡ್‌ಗೆ ತೊಂದ್ರೆ ಆದ್ರೆ?"

"ಇದು ಬ್ರಿಟನ್ ಸರ್ಕಾರಕ್ಕೆ ಕಣೋ!"

"ಯಾವ್ದಾದ್ರೇನು, ಸರ್ಕಾರ ಸರ್ಕಾರಾನೇ."

ರೇಗಿಹೋಗಿ ನಾನೇ ಪೆನ್ನು ತಗೊಂಡೆ. ಹಾಳೆಯಲ್ಲಿ ಮೊದಲ ಸಹಿ ಅಂಕಲ್‌ದು. ಸೈನ್ಯದ ನಂಬರು ಮೊದಲು, ಆಮೇಲೆ ಹೆಸರು. ನನ್ನ ಕೈ ಅಲ್ಲೇ ನಿಂತಿತು. ಬೆಳಗಾವಿಯ ಸೈನ್ಯದ ಕ್ಯಾಂಪಿನಲ್ಲಿ ಹವಾಲ್ದಾರರಾಗಿದ್ದ ಅಪ್ಪ ನನ್ನ ಪ್ರೋಗ್ರೆಸ್ ಕಾರ್ಡಿಗೂ ಹೀಗೇ ಸಹಿ ಹಾಕುತ್ತಿದ್ದರು. ಟೀಚರ್ ನಕ್ಕರೂ ಬಿಡುತ್ತಿರಲಿಲ್ಲ. ಆ ನಂಬರು ನನಗೆ ಇವತ್ತಿಗೂ ಬಾಯಿಪಾಠ.

ಈಗ ಇನ್ನೊಂದು ನಂಬರೂ ಬಾಯಿಪಾಠವಾಗಿದೆ, ನನ್ನ ಗ್ರೀನ್ ಕಾರ್ಡ್ ಅರ್ಜಿಯದು. ಅದು ನೆನಪಾಗಿದ್ದೇ ತಡ, ಸತೀಶನ ಮೇಲೆ ಅಷ್ಟು ರೇಗಿದ ನಾನು ಯಾರಿಗೂ ಓದಲಾಗದ ಹಾಗೆ ಸಹಿ ಗೀಚಿ ಬಂದೆ.